ಹಂಚಿನ ಮೇಲಿನ ಹೆಸರು ಹುಡುಕಿಕೊಂಡು ಬಾಸೆಲಿಗೆ

ನಮ್ಮ ತವರುಮನೆ ಪುತ್ತೂರಿನಿಂದ ಸ್ವಲ್ಪ ಆಚೆ, ತೋಟದ ನಡುವೆ. ಬೇಸಿಗೆ ರಜೆಯಲ್ಲಿ ಅಟ್ಟ ಹತ್ತಿ ಅಂಗಾತ ಮಲಗಿದರೆ ಹಂಚಿನ ಒಳಮೈ ಕಾಣುತ್ತಿತ್ತು. ಅದರ ಮೇಲೆ ಇಂಗ್ಲಿಷ್ ಅಕ್ಷರಗಳು ಉಬ್ಬಿಕೊಂಡಿದ್ದವು: ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865. ಅಕ್ಷರ ಕೂಡಿಸಿ ಓದಲು ಕಲಿತ ಹೊಸತರಲ್ಲಿ ನಾನೂ ತಮ್ಮನೂ ಅದನ್ನು ಮಂತ್ರದ ಹಾಗೆ ಹೇಳುತ್ತಿದ್ದೆವು. ಬಾಸೆಲ್ ಅಂದರೆ ಏನು ಅಂತ ಅಜ್ಜನನ್ನು ಕೇಳಿದಾಗ, "ಅದು ಸಮುದ್ರದಾಚೆಯ ಊರು. ಹಂಚಿನ ಮಣ್ಣು ಮಾತ್ರ ನಮ್ಮದೇ" ಎಂದಿದ್ದರು.

ಈ ವರ್ಷ ತಮ್ಮ ಆ ಮನೆಯ ಮಾಡು ಬಿಚ್ಚಿಸಿ ಟೆರೇಸು ಹಾಕಿಸುತ್ತಿದ್ದಾನೆ. ಪಕಾಸು, ರೀಪು ಹಾಳಾಗಿತ್ತು, ಮಳೆಗಾಲದಲ್ಲಿ ಸೋರುತ್ತಿತ್ತು. ಅವನ ಕಷ್ಟ ನನಗೆ ಗೊತ್ತು. ಹಂಚುಗಳೆಲ್ಲ ಈಗ ಹಲಸಿನ ಮರದ ಬುಡದಲ್ಲಿ ರಾಶಿ ಬಿದ್ದಿವೆ. ಅಕ್ಟೋಬರ್ ಕೊನೆಯಲ್ಲಿ ನಾನು ಸ್ವಿಟ್ಜರ್ಲೆಂಡಿನ ಜೂರಿಚ್‌ನಲ್ಲಿರುವ ಮಗಳ ಮನೆಗೆ ಹೋದೆ. ಬಾಸೆಲ್ ಇರುವುದೂ ಅದೇ ದೇಶದಲ್ಲಿ. "ಎಲ್ಲಿಗೆ ಹೋಗೋಣ ಅಮ್ಮ? ಹಿಮ ನೋಡ್ಲಿಕ್ಕಾ?" ಎಂದು ಅವಳು ಕೇಳಿದಳು. ಬಾಸೆಲಿಗೆ ಎಂದೆ. ಅಲ್ಲಿ ಒಂದು ಹಳೆಯ ಕೆಂಪು ಚರ್ಚ್ ಇದೆ, ಆ ಊರು ನೋಡಬೇಕಾದರೆ ಮೊದಲು ಅದನ್ನೇ ನೋಡಬೇಕು ಎಂದು ಮಗಳು ನಾಲ್ಕು ದಿನದ ರಜೆ ಹಾಕಿದಳು.

ಮೊದಲ ದಿನ, ಶುಕ್ರವಾರ

ಜೂರಿಚ್‌ನಿಂದ ರೈಲಿನಲ್ಲಿ ಒಂದು ಗಂಟೆ ಸಾಕು. ಹೋಟೆಲಿನಲ್ಲಿ ಕೋಣೆಯ ಕೀಲಿಯ ಜೊತೆ ಒಂದು ಕಾರ್ಡ್ ಕೊಟ್ಟರು. ಅದಿದ್ದರೆ ಊರಿನ ಟ್ರಾಮು, ಬಸ್ಸು ಎಲ್ಲ ಪುಕ್ಕಟೆ. ಮಳೆ ಹನಿಯುತ್ತಿತ್ತು. ಹಸಿರು ಟ್ರಾಮಿನಲ್ಲಿ ಪೇಟೆಯ ನಡುವಿಗೆ ಬಂದು, ಮ್ಯೂನ್‌ಸ್ಟರ್‌ಬೆರ್ಗ್ ಎಂಬ ಕಿರಿದಾದ ಏರುದಾರಿ ಹಿಡಿದೆವು.

ಏರು ಮುಗಿದದ್ದೇ ದೊಡ್ಡ ಅಂಗಳ. ಅದರ ಆಚೆ ತುದಿಯಲ್ಲಿ ಚರ್ಚ್. ಇದನ್ನು ಇಲ್ಲಿಯವರು ಮ್ಯೂನ್‌ಸ್ಟರ್ ಅನ್ನುತ್ತಾರೆ. ಫೋಟೋದಲ್ಲಿ ನೋಡಿದ್ದೆ, ಆದರೂ ಆ ಬಣ್ಣಕ್ಕೆ ನಾನು ತಯಾರಿರಲಿಲ್ಲ. ಮಳೆಯಲ್ಲಿ ನೆನೆದ ಮರಳುಗಲ್ಲು ನಮ್ಮ ಮುರಕಲ್ಲಿನ ಹಾಗೆಯೇ ಕೆಂಪು. ಹೊಸದಾಗಿ ಕಡಿದ ಮುರಕಲ್ಲಿನ ಮೇಲೆ ಮೊದಲ ಮಳೆ ಬಿದ್ದಾಗ ಬರುವ ಬಣ್ಣ, ಅದೇ. ಎರಡು ಚೂಪು ಗೋಪುರ. ಎಡಗಡೆಯದು ಸಂತ ಜಾರ್ಜನದು, 67 ಮೀಟರ್ ದಾಟುತ್ತದೆ. ಬಲಗಡೆಯದು ಸಂತ ಮಾರ್ಟಿನನದು, ಎರಡು ಮೀಟರ್‌ನಷ್ಟು ಗಿಡ್ಡ. ಕೊನೆಗೆ ಮುಗಿದದ್ದು ಮಾರ್ಟಿನನ ಗೋಪುರ, 1500ರಲ್ಲಿ.

ಅಂಗಳದಲ್ಲಿ ಮಾತ್ರ ಬೇರೆಯೇ ಗಲಾಟೆ. ಲಾರಿಗಳು, ಕಬ್ಬಿಣದ ಕಂಬಗಳು, ಚರ್ಚಿನ ಎದುರಿಗೇ ಎತ್ತರದ ಜೈಂಟ್ ವೀಲ್. ಮರುದಿನ ಮಧ್ಯಾಹ್ನ ಊರಿನ ಜಾತ್ರೆ ಶುರು ಎಂದು ಮಗಳು ಹೇಳಿದಳು. ನನಗೆ ಪುತ್ತೂರು ದೇವಸ್ಥಾನದ ಗದ್ದೆ ನೆನಪಾಯಿತು.

ಕತ್ತಲಾಗುವ ಮೊದಲು ಮುಂದಿನ ಗೋಡೆಯ ಮೂರ್ತಿಗಳನ್ನಷ್ಟೇ ನೋಡಿದೆವು. ಕುದುರೆ ಮೇಲೆ ಜಾರ್ಜ್, ಕೈಯಲ್ಲಿ ಉದ್ದದ ಈಟಿ. ಬಾಗಿಲ ಪಕ್ಕ ರಾಜ ಎರಡನೇ ಹೆನ್ರಿ, ರಾಣಿ ಕುನಿಗುಂಡೆ. ಹೆನ್ರಿಯ ಕಾಲದಲ್ಲೇ, 1019ರಲ್ಲಿ, ಇಲ್ಲಿಯ ಚರ್ಚಿನ ಪ್ರತಿಷ್ಠೆ ಆಯಿತು. ಇನ್ನೊಂದು ಕಡೆ ನಗುತ್ತಾ ನಿಂತ ಸೊಗಸುಗಾರ, ಅವನ ಪಕ್ಕ ಮರುಳಾದ ಹುಡುಗಿ. ಎದುರಿನಿಂದ ನೋಡಿದರೆ ರಾಜಕುಮಾರ. ಬೆನ್ನ ಮೇಲೆ ಹಾವು, ಕಪ್ಪೆ ಹರಿದಾಡುತ್ತಿವೆ. ಅವನು ಸೈತಾನ. ಏಳುನೂರು ವರ್ಷದಿಂದ ಆ ಹುಡುಗಿ ಅವನ ಬೆನ್ನು ನೋಡಿಲ್ಲ.

ಎರಡನೇ ದಿನ, ಶನಿವಾರ

ಬೆಳಿಗ್ಗೆ ಮಂಜು ಕವಿದಿತ್ತು. ಚರ್ಚಿನ ಉತ್ತರದ ಬಾಗಿಲಿಗೆ ಹೋದೆವು. ಇದರ ಹೆಸರು ಗಾಲ್ಲುಸ್ ಬಾಗಿಲು, 12ನೇ ಶತಮಾನದ ಕೆಲಸ. ಬಾಗಿಲ ಮೇಲ್ಗಡೆ ಬೈಬಲ್ಲಿನ ಕಥೆಯ ಬುದ್ಧಿವಂತ ಕನ್ಯೆಯರು, ಬುದ್ಧಿಗೇಡಿ ಕನ್ಯೆಯರು ದೀಪ ಹಿಡಿದು ನಿಂತಿದ್ದಾರೆ. ಎಣ್ಣೆ ತಂದವರಿಗೆ ಬಾಗಿಲು ತೆರೆದಿದೆ, ತರದವರಿಗೆ ಮುಚ್ಚಿದೆ. ಎರಡೂ ಬದಿಯಲ್ಲಿ ಚಿಕ್ಕ ಚಿಕ್ಕ ಗೂಡು. ಹಸಿದವರಿಗೆ ಉಣ್ಣಲು ಕೊಡುವುದು, ಬಟ್ಟೆಯಿಲ್ಲದವರಿಗೆ ಉಡಲು ಕೊಡುವುದು, ಸೆರೆಯಲ್ಲಿದ್ದವರನ್ನು ನೋಡಲು ಹೋಗುವುದು, ಎಲ್ಲವೂ ಅಲ್ಲಿವೆ. ಓದಲು ಬಾರದ ಜನರಿಗೆ ಅದೇ ಪುಸ್ತಕ. ಮೇಲೆ ದುಂಡನೆಯ ಕಿಟಕಿ, ಅದರ ಸುತ್ತ ಮನುಷ್ಯರು ಏರುತ್ತಾ ಬೀಳುತ್ತಾ ಇದ್ದಾರೆ. ಅದೃಷ್ಟದ ಚಕ್ರವಂತೆ. ಹಿಂದಿರುಗಿ ನೋಡಿದರೆ ಅಂಗಳದಲ್ಲಿ ಜಾತ್ರೆಯ ಚಕ್ರ.

ಒಳಗೆ ಕಾಲಿಟ್ಟರೆ ಖಾಲಿ ಅನಿಸುತ್ತದೆ. ನಾನು ಮಂಗಳೂರಿನ ಇಗರ್ಜಿಗಳನ್ನು ನೋಡಿ ಬೆಳೆದವಳು. ಸಂತ ಅಲೋಶಿಯಸ್ ಚಾಪೆಲ್ಲಿನ ಹಾಗೆ ಗೋಡೆ ತುಂಬ ಚಿತ್ರ ಇರುತ್ತದೆ ಅಂದುಕೊಂಡಿದ್ದೆ. ಇಲ್ಲಿ ಬರೀ ಕೆಂಪು ಕಲ್ಲು, ಕಮಾನು, ಬಣ್ಣದ ಗಾಜು. ಕಾರಣ 1529ರ ಫೆಬ್ರವರಿ 9. ಆ ದಿನ ಊರಿನ ಜನರೇ ನುಗ್ಗಿ ಮೂರ್ತಿಗಳನ್ನು ಒಡೆದರು, ಚಿತ್ರಗಳನ್ನು ಸುಟ್ಟರು. ದೇವರಿಗೂ ಮನುಷ್ಯನಿಗೂ ನಡುವೆ ಬೊಂಬೆ ಬೇಡ ಅನ್ನುವುದು ಅವರ ವಾದ. ಅಂದಿನಿಂದ ಇದು ಪ್ರೊಟೆಸ್ಟೆಂಟ್ ಚರ್ಚ್. ವಾದ ಏನೇ ಇರಲಿ, ಕೈಯಿಂದ ಮಾಡಿದ ಅಷ್ಟು ಕೆಲಸ ಒಂದೇ ದಿನದಲ್ಲಿ ಹೋಯಿತಲ್ಲ ಎಂದು ನನಗೆ ಬೇಸರವಾಯಿತು.

ಚಿನ್ನದ ಒಡವೆಗಳು ಮಾತ್ರ ಆ ದಿನ ಉಳಿದವು. ಅವುಗಳನ್ನು ಬಚ್ಚಿಟ್ಟಿದ್ದರು. ಮುನ್ನೂರು ವರ್ಷ ಹಾಗೇ ಇದ್ದವು. 1833ರಲ್ಲಿ ಊರು ಬೇರೆ, ಹಳ್ಳಿಗಳು ಬೇರೆ ಎಂದು ಬಾಸೆಲ್ ಎರಡು ಪಾಲಾಯಿತು. ಅಣ್ಣತಮ್ಮಂದಿರು ಪಾತ್ರೆ ಹಂಚಿಕೊಂಡ ಹಾಗೆ ಚರ್ಚಿನ ಭಂಡಾರವನ್ನೂ ಹಂಚಿಕೊಂಡರು. ಹಳ್ಳಿಯವರು ತಮ್ಮ ದೊಡ್ಡ ಪಾಲನ್ನು 1836ರಲ್ಲಿ ಹರಾಜು ಹಾಕಿದರು. ಹೆನ್ರಿ ರಾಜ ಕೊಟ್ಟ ಚಿನ್ನದ ತಗಡಿನ ಹಲಗೆ ಈಗ ಪ್ಯಾರಿಸ್ಸಿನ ಮ್ಯೂಸಿಯಂ ಒಂದರಲ್ಲಿದೆ.

ಬಲಿಪೀಠದ ಹಿಂದೆ ಒಂದು ಸಮಾಧಿ. ಮೇಲೆ ರಾಣಿ ಅನ್ನಾ ಮಲಗಿದ್ದಾಳೆ, ಪಕ್ಕದಲ್ಲಿ ಪುಟ್ಟ ಮಗು. ಹ್ಯಾಬ್ಸ್‌ಬರ್ಗ್ ವಂಶದ ರಾಜ ರೂಡಾಲ್ಫನ ಹೆಂಡತಿ, ತೀರಿಕೊಂಡದ್ದು 1281ರಲ್ಲಿ. ಒಳಗೆ ಯಾರೂ ಇಲ್ಲ. 1770ರಲ್ಲಿ ಅಸ್ಥಿಯನ್ನು ಬೇರೆಡೆಗೆ ಒಯ್ದರು. ಎಡಗಡೆಯ ಸಾಲಿನಲ್ಲಿ ಕೆಂಪು ಕಲ್ಲಿನ ದೊಡ್ಡ ಫಲಕ, ಲ್ಯಾಟಿನ್ ಅಕ್ಷರ. ಅದು ಎರಾಸ್ಮಸ್‌ನದು.

ಎರಾಸ್ಮಸ್‌ನ ಕಥೆ ನನ್ನನ್ನು ಬಹಳ ಹೊತ್ತು ಅಲ್ಲೇ ನಿಲ್ಲಿಸಿತು. ರಾಟರ್‌ಡ್ಯಾಮಿನ ಈ ಪಂಡಿತ ಬಾಸೆಲಿಗೆ ಬಂದದ್ದೇ ಇಲ್ಲಿಯ ಅಚ್ಚುಕೂಟಗಳಿಗಾಗಿ. 1516ರಲ್ಲಿ ಗ್ರೀಕ್ ಹೊಸ ಒಡಂಬಡಿಕೆಯನ್ನು ಫ್ರೋಬೆನ್ ಎಂಬ ಮುದ್ರಕನಿಂದ ಅಚ್ಚು ಹಾಕಿಸಿದ. ಮೂರ್ತಿ ಒಡೆದ ವರ್ಷ ಮನಸ್ಸು ನೊಂದು ಊರು ಬಿಟ್ಟ. ಆದರೂ ಕೊನೆಗಾಲದಲ್ಲಿ ಇಲ್ಲಿಗೇ ಮರಳಿ ಬಂದು 1536ರಲ್ಲಿ ತೀರಿಕೊಂಡ. ಅವನು ಕೊನೆಯವರೆಗೂ ಕ್ಯಾಥೊಲಿಕ್. ಊರು ಆಗಲೇ ಪ್ರೊಟೆಸ್ಟೆಂಟ್. ಆದರೂ ತಮ್ಮ ದೊಡ್ಡ ಚರ್ಚಿನೊಳಗೇ ಅವನನ್ನು ಮಣ್ಣು ಮಾಡಿದರು. ಮೂರ್ತಿ ಒಡೆದ ಕೈಗಳಿಗೆ ಏಳು ವರ್ಷದಲ್ಲಿ ಇಷ್ಟು ದೊಡ್ಡತನ ಬಂತಲ್ಲ ಎಂದು ಮಗಳಿಗೆ ಹೇಳಿದೆ. ಅವಳು ಫಲಕದ ಮುಂದೆ ಸುಮ್ನೆ ನಿಂತಿದ್ದಳು.

ಹನ್ನೆರಡು ಗಂಟೆಗೆ ಐದು ನಿಮಿಷ ಇರುವಾಗ ಹತ್ತಿರದ ಸಂತ ಮಾರ್ಟಿನ್ ಚರ್ಚಿಗೆ ಓಡಿದೆವು. ಜಾತ್ರೆ ಶುರುವಾಗುವುದು ಆ ಚರ್ಚಿನ ಗಂಟೆಯಿಂದ. ಚಕ್ರವರ್ತಿಯ ಅಪ್ಪಣೆ ಪಡೆದು 1471ರಲ್ಲಿ ಶುರುವಾದ ಜಾತ್ರೆ ಇದು. ಗಂಟೆ ಬಾರಿಸುವವರಿಗೆ ಕೂಲಿ ಒಂದು ಜೊತೆ ಕೈಗವಸು. ಶುರುವಿಗೆ ಒಂದು ಕೈಯದು ಮಾತ್ರ. ಜಾತ್ರೆ ಮುಗಿಸುವ ಗಂಟೆ ಬಾರಿಸಿದ ಮೇಲೆ ಇನ್ನೊಂದು. ಕೆಳಗೆ ಮುದುಕರು, ಮಕ್ಕಳು, ಬಗಲಲ್ಲಿ ಕೂಸು ಹೊತ್ತ ಅಮ್ಮಂದಿರು, ಎಲ್ಲರೂ ಮುಖ ಮೇಲೆತ್ತಿ ನಿಂತಿದ್ದರು. ಗಂಟೆ ಶುರುವಾದಾಗ ಯಾರೂ ಮಾತಾಡಲಿಲ್ಲ. ಧ್ವಜ ಏರುವಾಗ ನಮ್ಮಲ್ಲೂ ಹಾಗೇ ಅಲ್ವಾ?

ಆಮೇಲೆ ಸುಟ್ಟ ಚೆಸ್ಟ್‌ನಟ್ ಕಾಯಿಯ ಪೊಟ್ಟಣ ತಗೊಂಡು ಮತ್ತೆ ಮ್ಯೂನ್‌ಸ್ಟರ್‌ಗೆ ಬಂದೆವು. ರುಚಿ ಬೇಯಿಸಿದ ಹಲಸಿನ ಬೀಜಕ್ಕೆ ಬಹಳ ಹತ್ತಿರ.

ಗೋಪುರ ಹತ್ತಲು ಒಬ್ಬರನ್ನೇ ಬಿಡುವುದಿಲ್ಲ, ಕಡಿಮೆ ಅಂದರೆ ಇಬ್ಬರು ಬೇಕು. ಸುಮಾರು 250 ಮೆಟ್ಟಿಲು. ಸುರುಳಿಯಾಗಿ ಸುತ್ತುವ ಕಲ್ಲಿನ ಮೆಟ್ಟಿಲು, ಒಬ್ಬರಿಗೆ ಸಾಕಾಗುವಷ್ಟೇ ಅಗಲ. "ಮೆಲ್ಲ ಅಮ್ಮ, ಅವಸರ ಬೇಡ" ಎಂದು ಮಗಳು ಹಿಂದಿನಿಂದ ಹೇಳುತ್ತಲೇ ಇದ್ದಳು. ಮೊಣಕಾಲು ನೋಯುತ್ತಿತ್ತು. ಎರಡು ಕಡೆ ಕೂತು ಸುಧಾರಿಸಿಕೊಂಡೆ.

ಮೇಲೆ ಹೋಗುವಷ್ಟರಲ್ಲಿ ಮಂಜು ಹರಿದಿತ್ತು. ಕೆಳಗೆ ಚರ್ಚಿನ ಮಾಡು. ನಾನು ಬೇರೇನನ್ನೂ ನೋಡುವ ಮೊದಲು ಅದನ್ನೇ ನೋಡಿದೆ. ಹೊಳೆಯುವ ಬಣ್ಣದ ಹಂಚುಗಳನ್ನು ಚಾಪೆ ಹೆಣೆದ ಹಾಗೆ, ವಜ್ರದ ಆಕಾರ ಬರುವಂತೆ ಜೋಡಿಸಿದ್ದಾರೆ. ಬಿಸಿಲಿಗೆ ಇಡೀ ಮಾಡು ಮೀನಿನ ಮೈಯ ಹಾಗೆ ಮಿನುಗುತ್ತಿತ್ತು. ನಾನು ಹುಡುಕಿ ಬಂದ ಊರಿನ ದೊಡ್ಡ ಚರ್ಚಿನ ತಲೆ ಮೇಲೂ ಹಂಚೇ.

ರೈನ್ ನದಿ ಅಲ್ಲಿಂದ ಬಳುಕಿ ಉತ್ತರಕ್ಕೆ ತಿರುಗುತ್ತದೆ. ಆ ಕಡೆಯ ಕಪ್ಪು ಗುಡ್ಡ ಜರ್ಮನಿ, ಈ ಕಡೆಯ ನೀಲಿ ಗುಡ್ಡ ಫ್ರಾನ್ಸ್. ಫ್ರಾನ್ಸಿನ ಆ ಬದಿಯಲ್ಲೇ ಆಲ್ಟ್‌ಕಿರ್ಷ್ ಎಂಬ ಚಿಕ್ಕ ಊರಿದೆ. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಹಂಚನ್ನು 1841ರಲ್ಲಿ ಅಲ್ಲಿಯ ಗಿಲಾರ್ಡೋನಿ ಅಣ್ಣತಮ್ಮಂದಿರು ಮಾಡಿದರು. ಆ ಬಗೆಯ ಹಂಚೇ ಮುಂದೆ ನೇತ್ರಾವತಿಯ ಮಣ್ಣಿನಲ್ಲಿ ಮಂಗಳೂರು ಹಂಚಾಯಿತು. ಗಾಳಿ ಎಷ್ಟೇ ಬೀಸಲಿ, ಹಂಚು ಹಾರುವುದಿಲ್ಲ ಎಂದು ಅಜ್ಜ ಹೇಳುತ್ತಿದ್ದರು. ಕಾರಣ ಆ ಕಚ್ಚು.

1356ರ ಅಕ್ಟೋಬರ್ 18ರಂದು ಇಲ್ಲಿ ಭೂಕಂಪವಾಯಿತು. ಆಲ್ಪ್ಸ್‌ನ ಉತ್ತರಕ್ಕೆ ಗೊತ್ತಿರುವ ಭೂಕಂಪಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಗೋಪುರಗಳು ಕುಸಿದವು, ಊರಿಗೆ ಬೆಂಕಿ ಬಿತ್ತು. ಏಳೇ ವರ್ಷದಲ್ಲಿ, 1363ರಲ್ಲಿ, ದೊಡ್ಡ ಬಲಿಪೀಠವನ್ನು ಮತ್ತೆ ಪ್ರತಿಷ್ಠೆ ಮಾಡಿದರು. ಈಗಲೂ ಚರ್ಚಿಗೆ ಅದರದೇ ಕಲ್ಲುಕುಟಿಗರ ಕಾರ್ಯಾಗಾರ ಇದೆ. ಮರಳುಗಲ್ಲು ಮಳೆಗೆ, ಹಿಮಕ್ಕೆ ಪುಡಿಯಾಗುತ್ತಾ ಇರುತ್ತದೆ. ಅವರು ಸವೆದ ಕಲ್ಲು ತೆಗೆದು ಹೊಸತು ಕೂರಿಸುತ್ತಾ ಇರುತ್ತಾರೆ. ಹತ್ತಿರದಿಂದ ನೋಡಿದರೆ ಗೋಡೆಯಲ್ಲಿ ಹಳೆ ಕಲ್ಲು ಯಾವುದು, ಹೊಸತು ಯಾವುದು ಎಂದು ಬಣ್ಣದಲ್ಲೇ ಗೊತ್ತಾಗುತ್ತದೆ.

ಇಳಿದ ಮೇಲೆ ಚರ್ಚಿನ ಹಿಂಭಾಗಕ್ಕೆ ಹೋದೆವು. ಅಲ್ಲಿ ನದಿಯ ಮೇಲೆ ಕಟ್ಟೆಯ ಹಾಗೆ ಚಾಚಿದ ಜಾಗ, ಹೆಸರು ಪ್ಫಾಲ್ಟ್ಸ್. ಎಲ್ಲರೂ ನದಿಯ ಕಡೆ ಮುಖ ಮಾಡಿ ಫೋಟೋ ತೆಗೆಯುತ್ತಾರೆ. ಮಗಳು ನನ್ನ ಭುಜ ಹಿಡಿದು ಚರ್ಚಿನ ಕಡೆ ತಿರುಗಿಸಿದಳು. "ಕಿಟಕಿಯ ಕಂಬದ ಕೆಳಗೆ ನೋಡಮ್ಮ."

ಆನೆ! ಕಂಬ ಹೊತ್ತು ನಿಂತ ಕಲ್ಲಾನೆ.

ಆನೆಯೆಂದು ಗುರುತು ಹಿಡಿಯಲು ನನಗೆ ತುಸು ಹೊತ್ತು ಬೇಕಾಯಿತು. ಅದನ್ನು ಕೆತ್ತಿದವನು ಆನೆ ನೋಡಿದವನಲ್ಲ ಎಂದು ನೋಡಿದ ಕೂಡಲೇ ಅನಿಸುತ್ತದೆ. ಯಾರೋ ಹೇಳಿದ್ದು, ಯಾವುದೋ ಪುಸ್ತಕದ ಚಿತ್ರ, ಅಷ್ಟನ್ನೇ ಹಿಡಿದುಕೊಂಡು ಕೆತ್ತಿದ್ದಾನೆ. ಇದೂ 12ನೇ ಶತಮಾನದ ಕೊನೆಯ ಕೆಲಸ. ಅದೇ ನೂರು ವರ್ಷದಲ್ಲಿ ನಮ್ಮ ಬೇಲೂರು, ಹಳೇಬೀಡಿನಲ್ಲಿ ಗುಡಿಯ ಬುಡದ ಸುತ್ತ ಆನೆಗಳ ಸಾಲು ನಡೆಯುತ್ತಿತ್ತು. ಅಲ್ಲಿಯವರು ದಿನಾ ಆನೆ ನೋಡಿದವರು. ಸೊಂಡಿಲಿನ ಮಡಿಕೆ, ಕಾಲಿನ ಗೆಜ್ಜೆ, ಒಂದೂ ತಪ್ಪಿಲ್ಲ. ಭಾರ ಹೊರುವುದಕ್ಕೆ ಆನೆಯೇ ಬೇಕು ಎಂದು ಎರಡೂ ಕಡೆಯವರಿಗೆ ಹೊಳೆದಿತ್ತು. ಹಳೇಬೀಡಿನ ಆನೆ ಅಂದವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೋಡದ ಪ್ರಾಣಿಯ ಮೇಲೆ ಇಷ್ಟು ನಂಬಿಕೆ ಇಟ್ಟು ಚರ್ಚಿನ ಕಂಬವನ್ನೇ ಹೊರಿಸಿದ ಆ ಶಿಲ್ಪಿಯ ಮೇಲೆ ನನಗೆ ತುಂಬ ಪ್ರೀತಿ ಬಂತು. ಕತ್ತಲಾಗುವವರೆಗೆ ಅಲ್ಲೇ ಕೂತಿದ್ದೆವು.

ಮೂರನೇ ದಿನ, ಭಾನುವಾರ

ಆ ರಾತ್ರಿ ಯುರೋಪಿನ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕಿಡುತ್ತಾರೆ. ಒಂದು ಗಂಟೆ ಜಾಸ್ತಿ ನಿದ್ದೆ ಸಿಕ್ಕಿತು. ಒಂದು ಕಾಲದಲ್ಲಿ ಬಾಸೆಲಿನ ಗಡಿಯಾರವೇ ಸುತ್ತಲಿನ ಊರುಗಳಿಗಿಂತ ಒಂದು ಗಂಟೆ ಮುಂದೆ ಇರುತ್ತಿತ್ತಂತೆ. 1798ರವರೆಗೂ ಹಾಗೇ ನಡೆಸಿದರು.

ಹತ್ತು ಗಂಟೆಗೆ ಪ್ರಾರ್ಥನೆ. ಜರ್ಮನ್ ನನಗೆ ಬಾರದು. ಆರ್ಗನ್ನಿನ ಸದ್ದು ಮಾತ್ರ ಬೆಂಚಿನ ಹಲಗೆಯಿಂದ ಬೆನ್ನಿಗೆ ಏರುತ್ತಿತ್ತು. ನಿನ್ನೆ ಖಾಲಿ ಅನಿಸಿದ್ದ ಗೋಡೆಗಳು ಇವತ್ತು ಹಾಗೆ ಕಾಣಲಿಲ್ಲ. ಪಕ್ಕದಲ್ಲಿದ್ದ ಅಜ್ಜಿ ತನ್ನ ಹಾಡಿನ ಪುಸ್ತಕವನ್ನು ನನ್ನ ಕಡೆಗೂ ಸರಿಸಿದರು. ಓದಲು ಬಾರದಿದ್ದರೂ ಬೆರಳಿಟ್ಟು ಸಾಲು ತೋರಿಸುತ್ತಾ ಹೋದರು.

ಚರ್ಚಿಗೆ ಅಂಟಿಕೊಂಡೇ ಕಮಾನಿನ ಜಗಲಿ, ನಡುವೆ ಹುಲ್ಲಿನ ಅಂಗಳ. ಗೋಡೆ ತುಂಬ ಸಮಾಧಿ ಫಲಕ. ಗಣಿತದ ಯಾಕೋಬ್ ಬೆರ್ನುಲಿ ಇಲ್ಲಿದ್ದಾನೆ, ತೀರಿಕೊಂಡದ್ದು 1705ರಲ್ಲಿ. ಬಸವನಹುಳುವಿನ ಚಿಪ್ಪಿನಂತೆ ಹೊರಹೊರಗೆ ಹಿಗ್ಗುವ ಸುರುಳಿ ಅವನಿಗೆ ಬಹಳ ಇಷ್ಟ. ಎಷ್ಟು ದೊಡ್ಡದಾದರೂ ಅದರ ಆಕಾರ ಬದಲಾಗುವುದಿಲ್ಲ. 'ಬದಲಾದರೂ ಅದೇ ಆಗಿ ಏಳುತ್ತೇನೆ' ಎಂಬ ಅರ್ಥದ ಲ್ಯಾಟಿನ್ ಮಾತಿನ ಜೊತೆ ಅದನ್ನು ತನ್ನ ಸಮಾಧಿಗೆ ಕೆತ್ತಬೇಕು ಎಂದಿದ್ದ. ಮಾತು ಸರಿಯಾಗಿ ಬಂತು. ಸುರುಳಿ ಮಾತ್ರ ಬೇರೆಯದಾಯಿತು. ಕಲ್ಲುಕುಟಿಗ ಸುತ್ತುಗಳ ನಡುವೆ ಒಂದೇ ಅಂತರವಿರುವ, ಹಗ್ಗ ಸುತ್ತಿಟ್ಟ ಹಾಗಿನ ಸುರುಳಿ ಕೆತ್ತಿದ. ನಾನು ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿದವಳು. ಆ ಫಲಕದ ಮುಂದೆ ಕೈ ಮುಗಿದೆ.

ಮಧ್ಯಾಹ್ನ ಪ್ಫಾಲ್ಟ್ಸ್‌ನಿಂದ ಮೆಟ್ಟಿಲಿಳಿದು ದೋಣಿ ಹತ್ತಿದೆವು. ಮರದ ದೋಣಿ, ಎಂಜಿನ್ ಇಲ್ಲ, ಹುಟ್ಟೂ ಇಲ್ಲ. ನದಿಗೆ ಅಡ್ಡ ಒಂದು ತಂತಿ ಎಳೆದಿದ್ದಾರೆ, ದೋಣಿಯನ್ನು ಅದಕ್ಕೆ ಕಟ್ಟಿದ್ದಾರೆ. ದೋಣಿಯವರು ಚುಕ್ಕಾಣಿಯನ್ನು ಓರೆ ಮಾಡುತ್ತಾರೆ, ಹರಿಯುವ ನೀರೇ ದೋಣಿಯನ್ನು ಆಚೆ ದಡಕ್ಕೆ ನೂಕುತ್ತದೆ. ನಂಬಲಾಗದ ಮಾತು ಯಾರಾದರೂ ಹೇಳಿದರೆ ಬಾಸೆಲಿನವರು "ಹೋಗಿ ದೋಣಿಯವನಿಗೆ ಹೇಳು" ಅನ್ನುತ್ತಾರಂತೆ. ನದಿಯ ನಡುವಿನಿಂದ ನೋಡಿದರೆ ಚರ್ಚ್ ಇಡೀ ಊರನ್ನು ಬೆನ್ನ ಮೇಲೆ ಕೂರಿಸಿಕೊಂಡ ಹಾಗೆ ಕಾಣುತ್ತದೆ.

ಆಚೆ ದಡದ ಕ್ಲೈನೆಸ್ ಕ್ಲಿಂಗೆಂಟಾಲ್ ಮ್ಯೂಸಿಯಂನಲ್ಲಿ ಚರ್ಚಿನಿಂದ ಇಳಿಸಿದ ಮೂಲ ಮೂರ್ತಿಗಳಿವೆ. ಮೂಗು ಸವೆದವರು, ಬೆರಳು ಹೋದವರು. ಗೋಡೆಯ ಮೇಲೆ ಎತ್ತರದಲ್ಲಿದ್ದಾಗ ದೇವರ ಹಾಗಿದ್ದವರು ಇಲ್ಲಿ ಕಣ್ಣಿಗೆ ಕಣ್ಣು ಕೂಡುವಷ್ಟು ಹತ್ತಿರ ನಿಂತಿದ್ದಾರೆ. ಬಾಸೆಲಿಗೆ ಹೋದವರು ಇದನ್ನು ಬಿಡಬಾರದು.

ನಾಲ್ಕನೇ ದಿನ, ಸೋಮವಾರ

ಊರಿನ ಪಶ್ಚಿಮಕ್ಕೆ ಒಂದು ಬೀದಿ, ಹೆಸರೇ ಮಿಶನ್ ಬೀದಿ. ಮನೆ ನಂಬರ್ 21. ಬಾಸೆಲ್ ಮಿಶನ್ 1815ರಲ್ಲಿ ಹುಟ್ಟಿತು. ಅದರ ಮೂವರು ಪಾದ್ರಿಗಳು 1834ರ ಅಕ್ಟೋಬರ್ ಕೊನೆಯಲ್ಲಿ ಮಂಗಳೂರಿಗೆ ಬಂದಿಳಿದರು. ಹೆಚ್ಚುಕಡಿಮೆ ನಾನು ಇಲ್ಲಿಗೆ ಬಂದ ದಿನಗಳೇ. ಈಗ ಆ ಕಟ್ಟಡದಲ್ಲಿ ಮಿಶನ್ 21 ಎಂಬ ಸಂಸ್ಥೆ ಇದೆ, ಹಳೆಯ ಕಾಗದಪತ್ರಗಳ ಭಂಡಾರವೂ ಇದೆ. ಮಗಳು ಮೊದಲೇ ಬರೆದು ಒಪ್ಪಿಗೆ ಪಡೆದಿದ್ದಳು.

ಮೇಜಿನ ಮೇಲೆ ಹಳೆಯ ಫೋಟೋಗಳನ್ನು ಬಿಡಿಸಿಟ್ಟರು. ಹಂಚಿನ ಕಾರ್ಖಾನೆ, ತೆಂಗಿನ ಮರ, ಮಣ್ಣು ಹೊತ್ತ ಹೆಂಗಸರು. ಅವರ ಸೀರೆ ಉಟ್ಟ ಬಗೆ ನನ್ನ ಅಜ್ಜಿಯದೇ. ಯಾರ ಹೆಸರೂ ಇಲ್ಲ. ಅವರ ಮುಖಗಳನ್ನು ನಾನು ಒಂದೊಂದಾಗಿ ನೋಡಿದೆ.

ಅವರು ಬಂದದ್ದು ಧರ್ಮ ಹರಡಲು. ಅದನ್ನು ಮುಚ್ಚಿಡಬೇಕಾಗಿಲ್ಲ. ಮತ ಬದಲಿಸಿದವರು ಮನೆ, ಜಾತಿ, ಕಸುಬು ಎಲ್ಲ ಕಳಕೊಂಡರು. ಅವರ ಹೊಟ್ಟೆಪಾಡಿಗೆಂದು ನೇಯ್ಗೆ, ಹಂಚು ಶುರುವಾಯಿತು. ಮಂಗಳೂರಿನ ಜೆಪ್ಪುವಿನಲ್ಲಿ ಮಿಶನ್ನಿನ ಗಿಯೋರ್ಗ್ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಆದರೆ ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸುವುದು ಅವರ ಭಾಷೆಯ ಕೆಲಸ. ಮೋಗ್ಲಿಂಗ್ 1843ರಲ್ಲಿ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ತಂದರು. ಅದು ಕನ್ನಡದ ಮೊದಲ ಪತ್ರಿಕೆ. ಕಿಟೆಲ್ ಈ ಮಿಶನ್ನಿನಲ್ಲಿ ಓದಿ 1853ರಲ್ಲಿ ಹಡಗು ಹತ್ತಿದಾಗ ಇಪ್ಪತ್ತೊಂದರ ಹುಡುಗ. ಅವರ ನಿಘಂಟು ಹೊರಬಂದದ್ದು 1894ರಲ್ಲಿ, ಸುಮಾರು 70,000 ಪದ. ನಲವತ್ತು ವರ್ಷ ಬೇರೆಯವರ ಮಾತನ್ನು ಒಂದೊಂದಾಗಿ ಕೇಳಿ ಬರೆದುಕೊಳ್ಳುವುದು ಅಂದರೆ ಏನು! ನೋಡದ ಆನೆಯನ್ನು ಕೆತ್ತಿದವನ ಊರಿನಿಂದಲೇ ಅವರೂ ಹೊರಟದ್ದು. ಆದರೆ ಅವರು ಬಂದು ನೋಡಿದರು, ಕೇಳಿದರು, ತಿದ್ದಿಕೊಂಡರು.

ರೈಲಿಗೆ ಇನ್ನೂ ಹೊತ್ತಿತ್ತು. ಕೊನೆಯ ಸಲ ಪ್ಫಾಲ್ಟ್ಸ್‌ಗೆ ಹೋದೆವು. ಜಾತ್ರೆಯ ದೀಪ ಹತ್ತಿತ್ತು, ಚಕ್ರ ತಿರುಗುವಾಗ ಅದರ ಬಣ್ಣ ಕೆಂಪು ಗೋಡೆಯ ಮೇಲೆ ಬಂದು ಹೋಗುತ್ತಿತ್ತು. ಆನೆ ಕಂಬ ಹೊತ್ತು ನಿಂತೇ ಇತ್ತು. ತಮ್ಮನಿಗೆ ವೀಡಿಯೋ ಕಾಲ್ ಮಾಡಿದೆ. ಊರಿನಲ್ಲಿ ರಾತ್ರಿ ಹತ್ತಾಗುತ್ತಾ ಬಂದಿತ್ತು.

"ಅಕ್ಕ, ಹಂಚಿಗೆ ಗಿರಾಕಿ ಬಂದಿದ್ದಾರೆ. ನಾಳೆ ಗಾಡಿ ತರ್ತಾರಂತೆ" ಎಂದ.

"ಎಲ್ಲ ಕೊಡಬೇಡ ಮಾರಾಯ. ಅಕ್ಷರ ಅಳಿಯದ್ದು ಹತ್ತು ತೆಗೆದಿಡು. ಒಂದನ್ನು ಈಗ ತೋರ್ಸು" ಎಂದೆ.

ಅವನು ಏನೂ ಕೇಳಲಿಲ್ಲ. ಚಪ್ಪಲಿ ಮೆಟ್ಟುವ ಸದ್ದು, ನಾಯಿ ಬೊಗಳುವ ಸದ್ದು ಕೇಳಿಸಿತು. ಟಾರ್ಚಿನ ಬೆಳಕಿನಲ್ಲಿ ಹಲಸಿನ ಬೇರು ಕಂಡಿತು, ಆಮೇಲೆ ಹಂಚಿನ ರಾಶಿ. ಒಂದನ್ನೆತ್ತಿ ತಿರುಗಿಸಿದ. ಮಣ್ಣು ಮೆತ್ತಿತ್ತು. ಹೆಬ್ಬೆರಳಿನಿಂದ ಉಜ್ಜುತ್ತಾ, ಚಿಕ್ಕಂದಿನ ಹಾಗೆ ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದ.